ಕಲಬುರಗಿಯಿಂದ ಅಂಡಮಾನಿಗೆ: ಮೊದಲ ದ್ವೀಪಪ್ರವಾಸದ ಸಿದ್ಧತೆ

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವರು ಅಂಡಮಾನ್ ಪ್ರವಾಸಕ್ಕೆ ಹೊರಟಾಗ ಸಾಮಾನ್ಯವಾಗಿ ತೀರ್ಥಯಾತ್ರೆಯ ಲೆಕ್ಕವನ್ನೇ ಹಾಕುತ್ತಾರೆ. ಎಷ್ಟು ದಿನ, ಎಷ್ಟು ಸ್ಥಳ, ಒಂದೊಂದಕ್ಕೆ ಎಷ್ಟು ಹೊತ್ತು ಎಂದು ಪಟ್ಟಿ ಮಾಡಿ, ಐದು ದಿನಗಳಲ್ಲಿ ಹತ್ತು ಹನ್ನೆರಡು ಕಡೆ ಇಳಿದು ಹತ್ತಿ ದಣಿದು ಮರಳುತ್ತಾರೆ. ದ್ವೀಪಕ್ಕೆ ಈ ಲೆಕ್ಕ ಒಗ್ಗುವುದಿಲ್ಲ. ಅಲ್ಲಿ ಯಾವ ಹೊತ್ತಿಗೆ ಎಲ್ಲಿರಬೇಕು ಎಂಬುದನ್ನು ಸಮುದ್ರದ ಭರತ ಇಳಿತಗಳು (ನೀರು ಏರುವುದು, ಇಳಿಯುವುದು), ಹಡಗಿನ ವೇಳೆ ಮತ್ತು ಬೇಗನೆ ಮುಳುಗುವ ಸೂರ್ಯ ನಿರ್ಧರಿಸುತ್ತವೆ. ಆದ್ದರಿಂದ ಸ್ಥಳಗಳನ್ನು ಅರ್ಧಕ್ಕೆ ಇಳಿಸಿ, ಉಳಿದವುಗಳಿಗೆ ಸರಿಯಾದ ಹೊತ್ತನ್ನು ಹೊಂದಿಸಿಕೊಳ್ಳುವ ಕ್ರಮವನ್ನು ಇಲ್ಲಿ ಹೇಳಲಾಗಿದೆ. ಕಲಬುರಗಿಯಿಂದ ಹೊರಡುವವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದರೂ ಬೀದರ ಮತ್ತು ಯಾದಗಿರಿಯವರಿಗೂ ಇದರಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಮೊದಲು ತಿಂಗಳನ್ನು ಗೊತ್ತು ಮಾಡಿಕೊಳ್ಳಿ

ನೈಋತ್ಯ ಮಾನ್ಸೂನ್ ನಮ್ಮ ಜಿಲ್ಲೆಗಳನ್ನು ಮುಟ್ಟುವುದು ಜೂನಿನಲ್ಲಾದರೆ ಅಂಡಮಾನನ್ನು ಮೇ ತಿಂಗಳ ಮೂರನೆಯ ವಾರದ ಹೊತ್ತಿಗೇ ತಲುಪುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಆ ದ್ವೀಪಗಳಲ್ಲಿ ಮೇ ಕೊನೆಯಿಂದ ಸೆಪ್ಟೆಂಬರಿನವರೆಗೆ ಸಮುದ್ರ ಒರಟಾಗಿರುತ್ತದೆ, ಹಡಗುಗಳು ರದ್ದಾಗುತ್ತವೆ, ನೀರು ಕದಡಿ ಹವಳ ಕಾಣದಂತಾಗುತ್ತದೆ. ದಸರಾ ರಜೆ ಹತ್ತಿರವಿದ್ದು ಅನುಕೂಲವೆನಿಸಿದರೂ ಅಕ್ಟೋಬರಿನಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ನವೆಂಬರ್ ಮತ್ತು ಡಿಸೆಂಬರಿನ ಆರಂಭದಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತಗಳ ಭಯವಿರುತ್ತದೆ. ಕ್ರಿಸ್ಮಸ್ಸಿನಿಂದ ಹೊಸ ವರ್ಷದವರೆಗೆ ಹವೆ ಚೆನ್ನಾಗಿರುತ್ತದೆ, ಆದರೆ ಕೊಠಡಿಗಳ ಬಾಡಿಗೆ ಏರಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಹೊಂದುವ ಕಾಲ ಜನವರಿ ಕೊನೆಯಿಂದ ಮಾರ್ಚ್ ಕೊನೆಯವರೆಗಿನದು. ತೊಗರಿ ರಾಶಿ ಮುಗಿದು ಕೈಯಲ್ಲಿ ದುಡ್ಡೂ ಬಿಡುವೂ ಇರುವ ಹೊತ್ತು ಅದು. ಸಮುದ್ರವೂ ಆಗ ಅತ್ಯಂತ ಶಾಂತವಾಗಿರುತ್ತದೆ. ಶರಣಬಸವೇಶ್ವರ ಜಾತ್ರೆಗೆ ಊರಲ್ಲಿರಬೇಕೆನ್ನುವವರು ಅದರ ಹಿಂದೆ ಅಥವಾ ಮುಂದೆ ಹೊರಡಬಹುದು. ಶಾಲೆಗೆ ಹೋಗುವ ಮಕ್ಕಳಿದ್ದರೆ ಏಪ್ರಿಲ್ ಮೊದಲೆರಡು ವಾರಗಳನ್ನು ಆರಿಸಿಕೊಳ್ಳಿ. ಆಗ ಅಲ್ಲಿ ಸೆಕೆಯಿರುತ್ತದೆ, ಆದರೆ ಕಲಬುರಗಿಯ ಬಿಸಿಲು ಕಂಡವರಿಗೆ ಅದು ಅಂಜಿಸುವಂಥದ್ದಲ್ಲ. ಅಂಟಂಟಾದ ಬೆವರಿಗೆ ಮಾತ್ರ ಸಿದ್ಧರಾಗಿರಬೇಕು.

ತಿಂಗಳು ನಿಶ್ಚಯವಾದ ಮೇಲೆ ಪಂಚಾಂಗವನ್ನೊಮ್ಮೆ ತೆರೆಯಿರಿ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಸಮುದ್ರ ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಈ ಏರಿಳಿತ ಕಡಿಮೆ. ಅಮಾವಾಸ್ಯೆಯ ಹತ್ತಿರದ ದಿನಗಳನ್ನು ಆರಿಸಿಕೊಂಡರೆ ಎರಡು ಲಾಭಗಳಿವೆ: ಇಳಿತದಲ್ಲಿ ಬಂಡೆಗಳ ನಡುವಿನ ಜೀವಲೋಕ ಪೂರ್ತಿಯಾಗಿ ಬಯಲಾಗುತ್ತದೆ ಮತ್ತು ಕತ್ತಲ ರಾತ್ರಿಯಲ್ಲಿ ನೀರನ್ನು ಕದಡಿದಾಗ ಸೂಕ್ಷ್ಮಜೀವಿಗಳು ನೀಲಿಯಾಗಿ ಹೊಳೆಯುವುದನ್ನು ನೋಡುವ ಅವಕಾಶ ಸಿಗುತ್ತದೆ.

ಹೋಗುವ ದಾರಿ

ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರಿನಲ್ಲಿ ಆರಂಭವಾಗಿದ್ದರೂ ಇಲ್ಲಿಂದ ಅಂಡಮಾನಿಗೆ ನೇರ ವಿಮಾನವಿಲ್ಲ. ಹೈದರಾಬಾದ್, ಬೆಂಗಳೂರು ಅಥವಾ ಚೆನ್ನೈಗೆ ಹೋಗಿ ಅಲ್ಲಿಂದ ಹಾರಬೇಕು. ಹೈದರಾಬಾದೇ ಹತ್ತಿರ: ವಾಡಿ, ತಾಂಡೂರು, ವಿಕಾರಾಬಾದ್ ಮೂಲಕ ರೈಲಿದೆ, ರಸ್ತೆಯಲ್ಲಿ ಹೋದರೆ ಹುಮನಾಬಾದ್ ಕಡೆಯಿಂದಲೂ ತಾಂಡೂರು ಕಡೆಯಿಂದಲೂ ಬಸ್ಸುಗಳಿವೆ. ಯಾದಗಿರಿಯವರಿಗೆ ಮುಂಬೈ–ಚೆನ್ನೈ ಮಾರ್ಗದ ರೈಲುಗಳು ಮನೆಬಾಗಿಲಲ್ಲೇ ನಿಲ್ಲುವುದರಿಂದ ಚೆನ್ನೈ ದಾರಿ ಸುಲಭವಾಗಬಹುದು; ಅಲ್ಲಿಂದ ಹಾರಾಟ ಸುಮಾರು ಎರಡು ಗಂಟೆ, ಹೈದರಾಬಾದ್ ಅಥವಾ ಬೆಂಗಳೂರಿನಿಂದ ಎರಡೂವರೆಯ ಹತ್ತಿರ. ದ್ವೀಪದ ವಿಮಾನಗಳು ಹೆಚ್ಚಾಗಿ ಬೆಳಿಗ್ಗೆ ಹೊರಡುತ್ತವೆ. ಹೀಗಾಗಿ ಹಿಂದಿನ ಸಂಜೆಯೇ ಊರು ಬಿಡಬೇಕು. ಬೆಳಗಿನ ರೈಲನ್ನು ನಂಬಿ ಅದೇ ದಿನದ ವಿಮಾನಕ್ಕೆ ಟಿಕೆಟ್ ಮಾಡಿಸುವುದು ಜಾಣತನವಲ್ಲ.

ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣಗಳಿಂದ ಪ್ರಯಾಣಿಕರ ಹಡಗುಗಳೂ ಇವೆ. ಅವು ತಲುಪಲು ಎರಡೂವರೆಯಿಂದ ಮೂರು ದಿನ ಹಿಡಿಯುತ್ತದೆ. ಒಂದು ವಾರದ ರಜೆಯವರು ಅದನ್ನು ಮರೆಯುವುದೇ ಒಳ್ಳೆಯದು.

ಹೆಸರುಗಳ ವಿಷಯದಲ್ಲಿ ಒಂದು ಸೂಚನೆ. ರಾಜಧಾನಿ ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಡಲಾಗಿದೆ. ಅದಕ್ಕೂ ಮೊದಲೇ, 2018ರ ಡಿಸೆಂಬರಿನಲ್ಲಿ, ಹ್ಯಾವ್ಲಾಕ್ ಸ್ವರಾಜ್ ದ್ವೀಪವಾಗಿ, ನೀಲ್ ಶಹೀದ್ ದ್ವೀಪವಾಗಿ, ರಾಸ್ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪವಾಗಿ ಬದಲಾಗಿವೆ. ಜನರ ಬಾಯಲ್ಲಿ ಹಳೆಯ ಹೆಸರುಗಳೇ ಓಡಾಡುತ್ತಿವೆ, ಟಿಕೆಟಿನ ಮೇಲೆ ಹೊಸದು ಇರಬಹುದು. ಎರಡನ್ನೂ ತಿಳಿದಿದ್ದರೆ ಗಾಬರಿಯಾಗುವುದಿಲ್ಲ. ಇಲ್ಲಿ ಓದುಗರ ಅನುಕೂಲಕ್ಕೆ ಹಳೆಯ ಹೆಸರುಗಳನ್ನೇ ಬಳಸಿದ್ದೇನೆ.

ರಾತ್ರಿಗಳನ್ನು ಹಂಚಿ, ಹಡಗಿನ ಟಿಕೆಟ್ ಕಾದಿರಿಸಿ

ಆರು ರಾತ್ರಿಗಳಿದ್ದರೆ ಪೋರ್ಟ್ ಬ್ಲೇರ್‌ನಲ್ಲಿ ಮೊದಲ ರಾತ್ರಿ, ಹ್ಯಾವ್ಲಾಕ್‌ನಲ್ಲಿ ಮೂರು, ನೀಲ್‌ನಲ್ಲಿ ಒಂದು, ಕೊನೆಯದು ಮತ್ತೆ ಪೋರ್ಟ್ ಬ್ಲೇರ್‌ನಲ್ಲಿ ಎಂದು ಹಂಚಿಕೊಳ್ಳಿ. ಹ್ಯಾವ್ಲಾಕಿಗೆ ಒಂದೇ ರಾತ್ರಿ ಕೊಡುವ ಯೋಜನೆಗಳು ಮಾರುಕಟ್ಟೆಯಲ್ಲಿ ಬಹಳ ಇವೆ. ಅಂಥದ್ದನ್ನು ಒಪ್ಪಿಕೊಂಡರೆ ನೀವು ದ್ವೀಪ ನೋಡುವುದಕ್ಕಿಂತ ಹೆಚ್ಚು ಹೊತ್ತು ಹಡಗು ಹತ್ತುವ ಕಟ್ಟೆಯಾದ ಜೆಟ್ಟಿಯ ಸಾಲಿನಲ್ಲಿ ಗಂಟು ಮೂಟೆಗಳೊಂದಿಗೆ ಕಳೆಯುತ್ತೀರಿ. ಕೊನೆಯ ರಾತ್ರಿಯನ್ನು ಪೋರ್ಟ್ ಬ್ಲೇರ್‌ನಲ್ಲೇ ಇಟ್ಟುಕೊಳ್ಳಬೇಕೆಂಬುದು ಮುರಿಯಬಾರದ ನಿಯಮ. ಗಾಳಿ ಜೋರಾಗಿ ಹಡಗು ರದ್ದಾದರೆ ವಿಮಾನವೂ ತಪ್ಪುತ್ತದೆ.

ಹ್ಯಾವ್ಲಾಕಿಗೆ ಖಾಸಗಿ ವೇಗದ ಹಡಗುಗಳು ಒಂದೂವರೆಯಿಂದ ಎರಡು ಗಂಟೆಯಲ್ಲಿ ತಲುಪಿಸುತ್ತವೆ. ಸರ್ಕಾರಿ ಹಡಗು ನಿಧಾನ, ಆದರೆ ದರ ಬಹಳ ಕಡಿಮೆ ಮತ್ತು ಹೊರಗೆ ನಿಂತು ಸಮುದ್ರ ನೋಡಬಹುದು. ಪೋರ್ಟ್ ಬ್ಲೇರ್–ಹ್ಯಾವ್ಲಾಕ್, ಹ್ಯಾವ್ಲಾಕ್–ನೀಲ್, ನೀಲ್–ಪೋರ್ಟ್ ಬ್ಲೇರ್ ಎಂಬ ತ್ರಿಕೋನದಲ್ಲಿ ಮೂರೂ ಟಿಕೆಟುಗಳನ್ನು ವಿಮಾನದ ಟಿಕೆಟಿನ ಜೊತೆಗೇ ಕಾದಿರಿಸಿ, ಕೊಠಡಿಯನ್ನು ಆಮೇಲೆ ಗೊತ್ತು ಮಾಡಿ. ಹಡಗಿನ ವೇಳೆಗೆ ಕೊಠಡಿಯನ್ನು ಹೊಂದಿಸಬಹುದು, ಕೊಠಡಿಗೆ ಹಡಗನ್ನು ಹೊಂದಿಸಲಾಗದು. ಎಲ್ಲರ ಗುರುತಿನ ಚೀಟಿ ಜೊತೆಗಿರಲಿ. ಹಡಗಿನ ಓಲಾಟಕ್ಕೆ ಹೊಟ್ಟೆ ತೊಳಸುವವರು ವೈದ್ಯರನ್ನು ಕೇಳಿ ಮಾತ್ರೆ ಪಡೆದು ಹೊರಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ನುಂಗಬೇಕು. ವಾಕರಿಕೆ ಆರಂಭವಾದ ಮೇಲೆ ಅದರಿಂದ ಪ್ರಯೋಜನ ಕಡಿಮೆ. ಹಡಗಿನ ಹಿಂಭಾಗದ ನಡುವಿನ ಆಸನಗಳಲ್ಲಿ ಓಲಾಟ ಕಡಿಮೆ ಇರುತ್ತದೆ.

ಗಂಟು ಕಟ್ಟುವಾಗ

ಹತ್ತಿಯ ತೆಳು ಬಟ್ಟೆ, ತೋಳು ಪೂರ್ತಿ ಮುಚ್ಚುವ ಈಜುಡುಪು, ಬಂಡೆಯ ಮೇಲೆ ಜಾರದ ರಬ್ಬರ್ ಚಪ್ಪಲಿ, ಟೋಪಿ. ಇಷ್ಟು ಮುಖ್ಯ. ನಮ್ಮ ಮನೆಗಳ ಹೆಣ್ಣುಮಕ್ಕಳು ಸೀರೆ ಅಥವಾ ಚೂಡಿದಾರದಲ್ಲೇ ನೀರಿಗಿಳಿಯಬಹುದೆಂದುಕೊಂಡು ಹೋಗುತ್ತಾರೆ. ನೀರಿನೊಳಗೆ ಸಡಿಲ ಬಟ್ಟೆ ತೊಡಕಾಗುತ್ತದೆ, ಅಪಾಯವೂ ಹೌದು. ಮೈಪೂರ್ತಿ ಮುಚ್ಚುವ ಈಜುಡುಪು ಕಲಬುರಗಿ ಅಥವಾ ಹೈದರಾಬಾದಿನಲ್ಲಿಯೇ ಕೊಂಡುಕೊಂಡರೆ ಸಂಕೋಚವೂ ಇರುವುದಿಲ್ಲ, ಬಿಸಿಲಿಗೆ ಬೆನ್ನು ಸುಡುವುದೂ ಇಲ್ಲ.

ಸಸ್ಯಾಹಾರಿಗಳಿಗೆ ಅಲ್ಲಿ ಊಟಕ್ಕೆ ತೊಂದರೆಯಿಲ್ಲ. ತಮಿಳರು, ತೆಲುಗರು, ಬಂಗಾಳಿಗಳು ನೆಲೆಸಿರುವ ಊರುಗಳಾದ್ದರಿಂದ ಇಡ್ಲಿ ದೋಸೆಯಿಂದ ಅನ್ನ ದಾಲ್‌ವರೆಗೆ ಸಿಗುತ್ತದೆ. ರೊಟ್ಟಿಯಿಲ್ಲದೆ ಹೊಟ್ಟೆ ತುಂಬದ ಹಿರಿಯರಿದ್ದರೆ ಖಡಕ್ ರೊಟ್ಟಿಯ ಒಂದು ಕಟ್ಟು, ಶೇಂಗಾ ಹಿಂಡಿ ಮತ್ತು ಗುರೆಳ್ಳು ಹಿಂಡಿಯನ್ನು ದೊಡ್ಡ ಪೆಟ್ಟಿಗೆಯಲ್ಲಿ ಇಡಿ. ವಾರ ಕಳೆದರೂ ಕೆಡುವುದಿಲ್ಲ. ಕಡಲಗಾಳಿಗೆ ರೊಟ್ಟಿ ಮೆತ್ತಗಾಗುವುದರಿಂದ ಗಾಳಿಯಾಡದ ಡಬ್ಬಿ ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಸಣ್ಣ ದ್ವೀಪಗಳಲ್ಲಿ ಎಟಿಎಂ ಕಡಿಮೆ. ಫೋನಿನಿಂದ ಹಣ ಕಳಿಸುವ ವ್ಯವಸ್ಥೆಯನ್ನೇ ನೆಚ್ಚಿಕೊಳ್ಳದೆ ನಗದು ಇಟ್ಟುಕೊಳ್ಳಿ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಅಂತರ್ಜಾಲ ಬಹಳ ಸುಧಾರಿಸಿದೆಯಾದರೂ ಎಲ್ಲ ಮೂಲೆಗಳಲ್ಲೂ ಸಿಗುವುದಿಲ್ಲ. ಸಂಜೆ ಮರಳಿನಲ್ಲಿ ಕಚ್ಚುವ ಕಣ್ಣಿಗೆ ಕಾಣದ ನೊಣಗಳಿಗೆ ಕೊಬ್ಬರಿ ಎಣ್ಣೆಯನ್ನು ಕಾಲಿಗೆ ದಪ್ಪನೆ ಸವರಿಕೊಳ್ಳುವುದು ಸುಲಭದ ಉಪಾಯ.

ಹೊರಡುವ ಒಂದೆರಡು ವಾರ ಮೊದಲು ಊರಿನ ಈಜುಕೊಳಕ್ಕೆ ಹೋಗಿ, ಮೂಗು ಮುಚ್ಚುವ ಮುಸುಕು ಕನ್ನಡಕ ಮತ್ತು ಉಸಿರಾಟದ ಕೊಳವೆ ಹಾಕಿಕೊಂಡು ಬಾಯಿಂದ ಉಸಿರಾಡುವುದನ್ನು ರೂಢಿಸಿಕೊಳ್ಳಿ. ಅಲ್ಲಿ ಹೋಗಿ ಮೊದಲ ಬಾರಿ ಕಲಿಯುವವರ ಅರ್ಧ ಹೊತ್ತು ಕೆಮ್ಮುವುದರಲ್ಲೇ ಹೋಗುತ್ತದೆ.

ಗಡಿಯಾರ ಮತ್ತು ನೀರು

ಕಲಬುರಗಿ ಇರುವುದು ಸುಮಾರು 76.8 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಪೋರ್ಟ್ ಬ್ಲೇರ್ 92.7 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಅಲ್ಲಿ ಸೂರ್ಯ ನಮಗಿಂತ ಒಂದು ಗಂಟೆಗೂ ತುಸು ಹೆಚ್ಚು ಮೊದಲು ಹುಟ್ಟಿ ಮೊದಲು ಮುಳುಗುತ್ತಾನೆ, ಆದರೆ ಕೈಗಡಿಯಾರ ಮಾತ್ರ ಒಂದೇ. ಮಾರ್ಚಿನಲ್ಲಿ ಬೆಳಗಿನ ಐದೂವರೆಗೆಲ್ಲ ಬೆಳಕು, ಸಂಜೆ ಆರರೊಳಗೆ ಕತ್ತಲು. ಊಟ ಮುಗಿಸಿ, ಒಂದು ನಿದ್ದೆ ತೆಗೆದು, ನಾಲ್ಕೂವರೆಗೆ ಚಹಾ ಕುಡಿದು ಬೀಚಿಗೆ ಹೊರಡುವ ನಮ್ಮ ಅಭ್ಯಾಸಕ್ಕೆ ಅಲ್ಲಿ ಜಾಗವಿಲ್ಲ. ನಾಲ್ಕಕ್ಕೆ ಎದ್ದು ಹೊಲಕ್ಕೆ ಹೋಗುವ ರೈತರಿಗೆ ಮಾತ್ರ ಈ ವೇಳಾಪಟ್ಟಿ ಸಹಜವಾಗಿ ಒಗ್ಗುತ್ತದೆ.

ನದಿ ಬಾವಿಗಳನ್ನಷ್ಟೇ ಕಂಡವರಿಗೆ ಭರತ ಇಳಿತಗಳು ಹೊಸವು. ದಿನಕ್ಕೆ ಎರಡು ಬಾರಿ ಸಮುದ್ರ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಒಂದು ಭರತದಿಂದ ಮುಂದಿನ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಅಂತರ, ಮತ್ತು ಈ ವೇಳೆ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ. ಹೋದ ದಿನವೇ ವಸತಿಗೃಹದವರನ್ನು ಕೇಳಿ, ಅಥವಾ ಫೋನಿನಲ್ಲಿ ನೋಡಿ, ಆ ವಾರದ ಇಳಿತದ ವೇಳೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಭರತವಿದ್ದಾಗ ಈಜು ಮತ್ತು ದೋಣಿ, ಇಳಿತವಿದ್ದಾಗ ಬಂಡೆಗಳ ನಡುವಿನ ನಡಿಗೆ. ಇಡೀ ಪ್ರವಾಸದ ವೇಳಾಪಟ್ಟಿ ಈ ಒಂದು ಚೀಟಿಯ ಮೇಲೆ ನಿಲ್ಲುತ್ತದೆ.

ಬಾವಿಯಲ್ಲಿ ಅಥವಾ ಭೀಮೆಯಲ್ಲಿ ಈಜು ಕಲಿತವರು ಸಮುದ್ರವನ್ನು ಹಗುರವಾಗಿ ಕಾಣಬಾರದು. ಉಪ್ಪುನೀರು ತೇಲಿಸುತ್ತದೆ ನಿಜ, ಆದರೆ ದಡದಿಂದ ಒಳಕ್ಕೆ ಎಳೆಯುವ ಸೆಳೆತ ಸಿಕ್ಕರೆ ನೇರವಾಗಿ ದಡದತ್ತ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು. ಈ ದ್ವೀಪಗಳ ಅಳಿವೆ ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆಯ ಫಲಕವಿರುವ ಕಡೆ, ತೊರೆ ಸಮುದ್ರ ಸೇರುವ ಕಡೆ ಮತ್ತು ಕತ್ತಲಾದ ಮೇಲೆ ನೀರಿಗೆ ಇಳಿಯಲೇಬಾರದು.

ಹ್ಯಾವ್ಲಾಕ್‌ನ ಮೂರು ದಿನ

ಇಡೀ ಪ್ರವಾಸದ ತಿರುಳು ಇಲ್ಲಿದೆ. ರಾಧಾನಗರ ಬೀಚನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಕಡಲತೀರವೆಂದು ಹೆಸರಿಸಿತ್ತು. 2020ರಲ್ಲಿ ಅದಕ್ಕೆ ಸ್ವಚ್ಛ ತೀರಗಳಿಗೆ ಸಿಗುವ ನೀಲಿ ಬಾವುಟದ ಮನ್ನಣೆಯೂ ದೊರೆಯಿತು. ಮುಗಿಲಿಗೆ ಮುಟ್ಟುವ ಮರಗಳ ಕಾಡು ಮರಳಿನ ಅಂಚಿನವರೆಗೂ ಬಂದು ನಿಂತಿರುವುದು ಇದರ ವಿಶೇಷ. ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಸೂರ್ಯಾಸ್ತಕ್ಕೆ ಎಲ್ಲರೂ ಇಲ್ಲಿಗೇ ಸೇರುತ್ತಾರೆ. ನೀವು ಮೂರರೊಳಗೆ ತಲುಪಿ, ಕಾವಲುಗಾರರಿರುವ ಗಡಿಯೊಳಗೆ ಸ್ನಾನ ಮಾಡಿ, ಆಮೇಲೆ ಜನರಿಂದ ದೂರ ಉತ್ತರದ ಕಡೆಗೆ ನಡೆಯಿರಿ. ಇನ್ನೊಂದು ದಿನ ಬೆಳಿಗ್ಗೆ ಆರಕ್ಕೇ ಮತ್ತೊಮ್ಮೆ ಹೋಗಬೇಕೆಂದು ನಾನು ಒತ್ತಿ ಹೇಳುತ್ತೇನೆ. ಸಂಜೆಯ ಸಂತೆ ಆಗ ಇರುವುದಿಲ್ಲ.

ಎಲಿಫೆಂಟ್ ಬೀಚಿಗೆ ಜೆಟ್ಟಿಯಿಂದ ದೋಣಿಯಲ್ಲಿ ಹೋಗಬಹುದು, ಕಾಡುದಾರಿಯಲ್ಲಿ ನಡೆದೂ ಹೋಗಬಹುದು. ಹವಳದ ದಿಬ್ಬ ದಡಕ್ಕೆ ಹತ್ತಿರವಿರುವುದರಿಂದ ಈಜು ಬಾರದವರೂ ತೇಲುಬಳೆ ಹಿಡಿದು, ಮುಖವನ್ನಷ್ಟೇ ನೀರಿಗಿಟ್ಟು ಬಣ್ಣದ ಮೀನುಗಳನ್ನು ನೋಡಬಹುದು. 2010ರಲ್ಲಿ ಸಮುದ್ರದ ನೀರು ಅತಿಯಾಗಿ ಬಿಸಿಯಾಗಿ ಅಂಡಮಾನಿನ ಬಹಳಷ್ಟು ಹವಳ ಬಿಳಿಚಿ ಸತ್ತಿತು. ಆಳ ಕಡಿಮೆಯಿರುವ ಕಡೆ ಅದರ ಗುರುತು ಇನ್ನೂ ಇದೆ. ಹವಳ ಕಲ್ಲಲ್ಲ, ಜೀವಿ. ಅದರ ಮೇಲೆ ಕಾಲೂರಿ ನಿಂತರೆ ಅದೂ ಮುರಿಯುತ್ತದೆ, ನಿಮ್ಮ ಪಾದವೂ ಕೊಯ್ದು ಬೇಗ ಮಾಯದ ಗಾಯವಾಗುತ್ತದೆ. ಅಲ್ಲೇ ಜೆಟ್ ಸ್ಕೀ, ಬಾಳೆಹಣ್ಣಿನ ಆಕಾರದ ದೋಣಿ ಮುಂತಾದವುಗಳಿಗೆ ಕೂಗಿ ಕರೆಯುತ್ತಾರೆ. ಅವು ಗೋವಾದಲ್ಲೂ ಸಿಗುತ್ತವೆ. ಅದೇ ಹಣವನ್ನು ನೀರಿನೊಳಗೆ ಇಳಿಯುವುದಕ್ಕೆ ಇಟ್ಟುಕೊಳ್ಳಿ.

ಇಳಿಯುವುದಕ್ಕೆ ಎರಡು ದಾರಿಗಳಿವೆ. ಒಂದು, ತಲೆಗೆ ಗಾಳಿ ತುಂಬಿದ ಭಾರದ ಹೆಲ್ಮೆಟ್ ಹಾಕಿಕೊಂಡು ಸಮುದ್ರದ ತಳದಲ್ಲಿ ನಡೆಯುವುದು. ತಲೆ ಒದ್ದೆಯಾಗುವುದಿಲ್ಲ, ಕನ್ನಡಕ ತೆಗೆಯಬೇಕಾಗಿಲ್ಲ, ಈಜು ಬೇಡ. ಐವತ್ತು ದಾಟಿದವರಿಗೆ ಇದೇ ವಾಸಿ. ಇನ್ನೊಂದು ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಈಜುವುದು. ಹತ್ತು ವರ್ಷ ಮೀರಿದ, ಆರೋಗ್ಯವಾಗಿರುವ ಯಾರೇ ಆದರೂ ತರಬೇತುದಾರರ ಕೈಹಿಡಿದು ಮೊದಲ ಮುಳುಗು ಹಾಕಬಹುದು; ಆರಂಭಿಕರನ್ನು ಹೆಚ್ಚೆಂದರೆ 12 ಮೀಟರ್ ಆಳದವರೆಗೆ ಕರೆದೊಯ್ಯುತ್ತಾರೆ. ಆಸ್ತಮಾ, ಹೃದಯದ ತೊಂದರೆ, ಕಿವಿಯ ಸೋರಿಕೆ ಇರುವವರು ಮತ್ತು ಗರ್ಭಿಣಿಯರು ಇಳಿಯಬಾರದು. ನೆಗಡಿ ಇದ್ದರೂ ಬೇಡ, ಏಕೆಂದರೆ ಇಳಿಯುತ್ತ ಹೋದಂತೆ ನೀರಿನ ಒತ್ತಡ ಕಿವಿಯ ತಮಟೆಯನ್ನು ಒಳಕ್ಕೆ ಒತ್ತುತ್ತದೆ. ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ ಅದನ್ನು ಸಮಗೊಳಿಸಬೇಕು, ಮೂಗು ಕಟ್ಟಿದ್ದರೆ ಇದು ಆಗುವುದಿಲ್ಲ. ಕಿವಿ ನೋಯುತ್ತಿದ್ದರೆ ಸಂಕೋಚಪಡದೆ ಕೈಸನ್ನೆ ಮಾಡಿ ಮೇಲೆ ಬನ್ನಿ. ಆರೋಗ್ಯದ ನಮೂನೆಯನ್ನು ಭರ್ತಿ ಮಾಡಿಸದೆ, ಕೇವಲ ಫೋಟೋ ವಿಡಿಯೋ ಆಸೆ ತೋರಿಸುವ ಅಂಗಡಿಗೆ ಹೋಗಬೇಡಿ. ಮುಳುಗಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ, ಸಾಧ್ಯವಾದರೆ 24 ಗಂಟೆ ಬಿಡುವಿರಲಿ, ಇಲ್ಲವಾದರೆ ರಕ್ತದಲ್ಲಿ ಕರಗಿರುವ ಸಾರಜನಕ ಗುಳ್ಳೆಗಟ್ಟುವ ಅಪಾಯವಿದೆ. ಆದ್ದರಿಂದಲೇ ಹ್ಯಾವ್ಲಾಕನ್ನು ಪ್ರವಾಸದ ಆರಂಭದಲ್ಲಿ ಇಟ್ಟಿರುವುದು.

ಸೂರ್ಯೋದಯಕ್ಕೆ ಕಾಲಾಪಥ್ಥರ್ ಬೀಚು ಒಳ್ಳೆಯದು. ಓಡಾಟಕ್ಕೆ ಬಾಡಿಗೆ ಸ್ಕೂಟರ್ ಸಿಗುತ್ತದೆ. ಪರವಾನಗಿ ಮತ್ತು ಹೆಲ್ಮೆಟ್ ಇರಲಿ. ಕತ್ತಲ ಪಕ್ಷವಾದರೆ ರಾತ್ರಿ ಕಯಾಕ್ ಎಂಬ ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ ಹೊಳೆಯುವ ನೀರು ತೋರಿಸುವವರ ಜೊತೆ ಹೋಗಿ.

ನೀಲ್

ಚಿಕ್ಕ ದ್ವೀಪ. ತರಕಾರಿ ತೋಟ, ತೆಂಗು, ಅಡಿಕೆ, ನಿಧಾನದ ಬದುಕು. ಭರತಪುರ ಬೀಚಿನಲ್ಲಿ ಗಾಜಿನ ತಳದ ದೋಣಿಯಲ್ಲಿ ಅಜ್ಜ ಅಜ್ಜಿಯರೂ ಕುಳಿತಲ್ಲೇ ಹವಳ ನೋಡಬಹುದು. ಕಡಲು ಕೊರೆದು ಮಾಡಿದ ಕಲ್ಲಿನ ಸೇತುವೆ ಲಕ್ಷ್ಮಣಪುರದ ಎರಡನೆಯ ಬೀಚಿನಲ್ಲಿದೆ. ನಿಮ್ಮ ಚೀಟಿಯ ಉಪಯೋಗ ಇಲ್ಲಿ ತಿಳಿಯುತ್ತದೆ: ಇಳಿತಕ್ಕೆ ಒಂದು ಗಂಟೆ ಮೊದಲು ತಲುಪಿದರೆ ಬಂಡೆಗಳ ಗುಂಡಿಗಳಲ್ಲಿ ಸಮುದ್ರ ಸೌತೆ, ನಕ್ಷತ್ರಮೀನು, ಏಡಿ, ಬಣ್ಣಬಣ್ಣದ ಚಿಪ್ಪುಜೀವಿಗಳು ಕಾಣುತ್ತವೆ, ಭರತದಲ್ಲಿ ಹೋದರೆ ಬಂಡೆಯನ್ನು ದೂರದಿಂದ ನೋಡಿ ಹಿಂತಿರುಗಬೇಕು. ಮಾರ್ಗದರ್ಶಕರು ಜೀವಿಗಳನ್ನು ಕೈಗೆತ್ತಿ ತೋರಿಸಲು ಬಂದರೆ ಬೇಡವೆನ್ನಿ.

ಬಾರಾಟಾಂಗ್ ಬಗ್ಗೆ

ಸುಣ್ಣಕಲ್ಲಿನ ಗವಿಗಳಿಗಾಗಿ ಬಾರಾಟಾಂಗ್ ದ್ವೀಪಕ್ಕೆ ಹೋಗುವ ರಸ್ತೆ ಜಾರವಾ ಬುಡಕಟ್ಟಿನ ರಕ್ಷಿತ ಕಾಡಿನ ನಡುವೆ ಸಾಗುತ್ತದೆ. ವಾಹನಗಳು ಬೆಂಗಾವಲಿನಲ್ಲಿ ಸಾಲಾಗಿ ಹೋಗಬೇಕು. ನಿಲ್ಲಿಸುವುದು, ಅವರ ಫೋಟೋ ತೆಗೆಯುವುದು, ತಿನ್ನಲು ಕೊಡುವುದು ಎಲ್ಲವೂ ಶಿಕ್ಷಾರ್ಹ ಅಪರಾಧ. ನಸುಕಿನ ಮೂರಕ್ಕೆ ಎದ್ದು ಇಡೀ ದಿನ ರಸ್ತೆಯಲ್ಲಿ ಕಳೆದು ನೋಡುವುದು ಒಂದು ಗವಿ ಮತ್ತು ಕೆಸರು ಗುಳ್ಳೆಗಳ ಒಂದು ಸಣ್ಣ ದಿಬ್ಬ. ತಮ್ಮ ಪಾಡಿಗೆ ಬದುಕುತ್ತಿರುವ ಜನರ ಮನೆಯಂಗಳವನ್ನು ಹಾಯ್ದು ಹೋಗುವಷ್ಟು ಅಗತ್ಯ ಅದಕ್ಕಿದೆಯೆಂದು ನನಗೆ ಅನಿಸುವುದಿಲ್ಲ. ಹೆಚ್ಚಿಗೆ ಒಂದು ದಿನವಿದ್ದರೆ ಪೋರ್ಟ್ ಬ್ಲೇರ್ ಹತ್ತಿರದ ವಂಡೂರಿನಿಂದ ಜಾಲಿ ಬಾಯ್ ದ್ವೀಪಕ್ಕೆ ಹೋಗಿ. ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ಈ ದ್ವೀಪಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು, ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಮಳೆಗಾಲದಲ್ಲಿ ಅದು ಮುಚ್ಚಿರುತ್ತದೆ.

ಪೋರ್ಟ್ ಬ್ಲೇರ್ ಮತ್ತು ಮರಳುವಿಕೆ

ಬಂದ ದಿನದ ಸಂಜೆಯನ್ನು ವಿಶ್ರಾಂತಿಗೆ ಬಿಟ್ಟು ಸೆಲ್ಯುಲರ್ ಜೈಲನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಿ. ಬಂದ ದಿನವೇ ಅವಸರದಲ್ಲಿ ನೋಡಿ ಮುಗಿಸುವ ಜಾಗ ಅದಲ್ಲ. 1896ರಿಂದ 1906ರವರೆಗೆ ಕಟ್ಟಿದ ಈ ಜೈಲಿನಲ್ಲಿ ನಡುಗೋಪುರದಿಂದ ಏಳು ಸಾಲುಕಟ್ಟಡಗಳು ಹೊರಟಿದ್ದವು. ಒಂದರ ಮುಂಭಾಗ ಇನ್ನೊಂದರ ಬೆನ್ನಿಗೆ ಎದುರಾಗುವಂತೆ ಕಟ್ಟಿದ್ದರಿಂದ ಕೈದಿಗೆ ಇನ್ನೊಬ್ಬ ಕೈದಿಯ ಮುಖ ಕಾಣುತ್ತಿರಲಿಲ್ಲ. ಈಗ ಉಳಿದಿರುವುದು ಮೂರು ಸಾಲು. 1979ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ಗಾಣ ಎಳೆಸುತ್ತಿದ್ದ ಜಾಗ, ನೇಣುಗಂಬದ ಕೋಣೆ ಮತ್ತು ಮಾಳಿಗೆಯಿಂದ ಕಾಣುವ ಸಮುದ್ರ, ಇವುಗಳಿಗೆ ಎರಡು ಗಂಟೆಯಾದರೂ ಬೇಕು. ಸಂಜೆಯ ಬೆಳಕು ಮತ್ತು ಧ್ವನಿಯ ಕಾರ್ಯಕ್ರಮಕ್ಕೆ ಮೊದಲೇ ಟಿಕೆಟ್ ಮಾಡಿಸಿ. ಹಿಂದಿಯ ಪ್ರದರ್ಶನ ನಮ್ಮ ಕಡೆಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಎದುರಿನ ರಾಸ್ ದ್ವೀಪದಲ್ಲಿ ಆಲದ ಬೇರುಗಳು ಅಪ್ಪಿ ಹಿಡಿದಿರುವ ಬ್ರಿಟಿಷರ ಕಟ್ಟಡಗಳು, ಜಪಾನೀಯರು 1942ರಿಂದ 1945ರವರೆಗೆ ಆಳಿದಾಗ ಕಟ್ಟಿದ ಬಂಕರುಗಳು, ಜನರಿಗೆ ಹೆದರದ ಜಿಂಕೆಗಳು ಇವೆ. ನೀಲ್‌ನಿಂದ ಬೆಳಗಿನ ಹಡಗಿನಲ್ಲಿ ಬಂದರೆ ಮೊದಲು ರಾಸ್, ಮಧ್ಯಾಹ್ನ ಜೈಲು, ಕತ್ತಲಾದ ಮೇಲೆ ಪ್ರದರ್ಶನ ಎಂದು ಒಂದೇ ದಿನದಲ್ಲಿ ಹೊಂದುತ್ತವೆ.

ದಡದಲ್ಲಿ ಆರಿಸಿದ ಹವಳ ಚಿಪ್ಪುಗಳನ್ನು ಪೆಟ್ಟಿಗೆಯಲ್ಲಿ ತರಬೇಡಿ. ಹವಳ ಮತ್ತು ಅನೇಕ ಬಗೆಯ ಚಿಪ್ಪುಜೀವಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾಗಿದ್ದು, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ನೆನಪಿಗೆ ಏನಾದರೂ ಬೇಕಿದ್ದರೆ ಸರ್ಕಾರಿ ಮಳಿಗೆ ಸಾಗರಿಕಾದಲ್ಲಿ ರಸೀದಿಯೊಂದಿಗೆ ಕೊಳ್ಳಿ. ಮರಳುವ ದಿನ ಹೈದರಾಬಾದಿನಲ್ಲಿ ಇಳಿದ ಮೇಲೆ ಕಲಬುರಗಿಯ ರೈಲಿಗೆ ಕನಿಷ್ಠ ನಾಲ್ಕೈದು ಗಂಟೆಯ ಅಂತರವಿರುವಂತೆ ಟಿಕೆಟ್ ನೋಡಿಕೊಳ್ಳಿ, ಏಕೆಂದರೆ ಶಂಷಾಬಾದಿನ ವಿಮಾನ ನಿಲ್ದಾಣ ಊರಿನಿಂದ ದೂರವಿದೆ ಮತ್ತು ಸಂಜೆಯ ದಟ್ಟಣೆಯಲ್ಲಿ ರೈಲು ನಿಲ್ದಾಣ ಮುಟ್ಟಲು ಬಹಳ ಹೊತ್ತು ಹಿಡಿಯುತ್ತದೆ.